ಕೂರಿಸಿ ಹೂಳಿದ ಗುಂಡಿ

ನಾನು ಎಲುಬು ನೋಡಿ ಸತ್ತವರು ಯಾರೆಂದು ಹೇಳುವವಳು. ವಿಧಿವಿಜ್ಞಾನ ಮಾನವಶಾಸ್ತ್ರ ಅಂತ ಅದಕ್ಕೊಂದು ದೊಡ್ಡ ಹೆಸರು. ಯಲಬುರ್ಗಾದಲ್ಲಿರುವ ನಮ್ಮವ್ವನ ಬಾಯಲ್ಲಿ ಮಾತ್ರ ಅದು "ಹೆಣದ ಕೆಲಸ". ಕೆಲಸದಿಂದ ಬಂದರೆ ಅಂಗಳದಲ್ಲೇ ಕೊಡ ನೀರು ಸುರಿದುಕೊಳ್ಳಬೇಕು, ಅವಳು ಹಣೆಗೆ ವಿಭೂತಿ ಹಚ್ಚಬೇಕು, ಆಮೇಲೆ ಹೊಸ್ತಿಲು.

"ಹೇಸಿಗಿ ಬರಂಗಿಲ್ಲೇನ ನಿನಗ?" ಎಂದು ಕೇಳುತ್ತಾಳೆ.

ಬರುತ್ತದೆ. ಈ ಓದಿಗೆ ಸೇರಿದಾಗ ವಾಸನೆಯೇ ಕಷ್ಟ ಅಂದುಕೊಂಡಿದ್ದೆ, ಆದರೆ ಮೂಗು ಬೇಗ ಒಗ್ಗಿಹೋಯಿತು. ನನ್ನ ಹೇಸಿಗೆ ಉಸಿರಾಡುವವರ ಮೇಲೆ.

ಗಂಗಾವತಿ ಕಡೆಯ ಸಿದ್ದಾಪುರದ ಹತ್ತಿರ ಭತ್ತದ ಗದ್ದೆ ಸಮ ಮಾಡುವಾಗ ಜೆಸಿಬಿಗೆ ತಲೆಬುರುಡೆ ಸಿಕ್ಕಿತು. ಪೊಲೀಸರು ನನ್ನನ್ನು ಕರೆಸಿದರು. ಗುಂಡಿಯಲ್ಲಿ ಕಾಲೆಲುಬುಗಳು ಚಕ್ಕಳಮಕ್ಕಳ ಹಾಕಿದಂತೆಯೇ ಇದ್ದವು, ಸುತ್ತ ವಿಭೂತಿ ಗಟ್ಟಿಗಳು. ನಮ್ಮ ಮಂದಿ ಹೂಳುವುದೇ ಹೀಗೆ, ಕೂರಿಸಿ, ವಿಭೂತಿ ಇಟ್ಟು. ಗದ್ದೆಯ ಒಡೆಯ, ಹಣೆ ತುಂಬ ವಿಭೂತಿ ಬಳಿದ ಮುದುಕ, ಊದುಬತ್ತಿ ಹಚ್ಚಿ ಕೈಮುಗಿದು ನಿಂತಿದ್ದ.

"ನಮ್ಮ ಮುತ್ತ್ಯಾನ ಸಮಾಧಿ ಐತ್ರಿ ಮೇಡಂ. ನಮ್ಮ ಮನ್ಯಾಗಿನವರ ಹೂಳ್ಯಾರ. ಮುಟ್ಟಬ್ಯಾಡ್ರಿ, ಮುಚ್ಚಿಬಿಡ್ರಿ."

ಬದುವಿನ ಮೇಲೆ ಗಿಣಿಗೇರಾದ ಹೆಂಗಸೊಬ್ಬಳು ಕೂತಿದ್ದಳು. ಅವಳ ಮಗಳು ಇದೇ ಮುದುಕನ ಸೊಸೆ. ಕೆಲವು ವರ್ಷದ ಹಿಂದೆ ಅವಳು ಕಾಣೆಯಾದಾಗ, ಯಾರ ಜೊತೆಗೋ ಓಡಿಹೋದಳೆಂದು ಮುದುಕನ ಮನೆಯವರು ಊರೆಲ್ಲ ಸಾರಿದ್ದರು. ಹೆತ್ತವಳೊಬ್ಬಳೇ ನಂಬಿರಲಿಲ್ಲ.

"ಸಣ್ಣಾಕಿ ಇದ್ದಾಗ ಬೇವಿನ ಗಿಡದಿಂದ ಬಿದ್ದು ಎಡಗೈ ಮುರಕೊಂಡಿದ್ಲ್ರಿ," ಎಂದಳು. "ಬಿದಿರಿನ ದಬ್ಬಿ ಕಟ್ಟಿಸಿದ್ವಿ, ಸೊಟ್ಟ ಕೂಡ್ತು. ಅದೊಂದು ನೋಡಿ ಹೇಳ್ರಿ ಯವ್ವಾ."

ನೋಡಿದೆ. ಮುತ್ತ್ಯಾನಿಗೆ ಹೆಂಗಸಿನ ಸೊಂಟವಿತ್ತು! ಆ ಸೊಂಟದ ಅಂಚು ಇನ್ನೂ ಪೂರ್ತಿ ಬೆಸೆದಿರಲಿಲ್ಲ, ಅಷ್ಟು ಚಿಕ್ಕ ವಯಸ್ಸು. ಎಡಗೈ ಎಲುಬು ಸೊಟ್ಟ ಕೂಡಿತ್ತು. ಬುರುಡೆಯ ಹಿಂಭಾಗ ಒಡೆದಿತ್ತು. ಜೆಸಿಬಿ ಹೊಡೆತವಾಗಿದ್ದರೆ ಒಡಕಿನ ಅಂಚು ಬೆಳ್ಳಗಿರುತ್ತಿತ್ತು. ಇದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಅಂದರೆ ಮಣ್ಣು ಸೇರುವ ಹೊತ್ತಿಗೇ ಒಡೆದದ್ದು. ಆಮೇಲೆ ಡಿಎನ್‌ಎ ಪರೀಕ್ಷೆಯೂ ಅವಳೇ ಎಂದಿತು.

ಗುಂಡಿ ನಮ್ಮದೇ ಎಂದು ಮುದುಕ ತನ್ನ ಬಾಯಿಂದಲೇ ಹೇಳಿಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಕಾಲುವೆಗೆ ಎಸೆದು ಸುಮ್ಮನಾಗುತ್ತಿದ್ದರು. ಇವರಿಗೆ ಸೊಸೆಯ ತಲೆ ಒಡೆಯಲು ಅಂಜಿಕೆಯಿಲ್ಲ, ಶಾಸ್ತ್ರ ಬಿಟ್ಟರೆ ದೆವ್ವವಾಗಿ ಮನೆಗೆ ಬಂದಾಳೆಂದು ಅಂಜಿಕೆ. ಒಡೆದ ತಲೆಯನ್ನು ನೆಟ್ಟಗೆ ಕೂರಿಸಿ, ವಿಭೂತಿ ಇಟ್ಟು, ಅದರ ಮೇಲೆ ಭತ್ತ ಬೆಳೆದು ಉಂಡಿದ್ದಾರೆ. ಥೂ! ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ.

ಗಂಗಾವತಿಯ ಶವಾಗಾರದ ಹೊರಗೆ ಆ ತಾಯಿಗೆ ಎಲ್ಲ ತಿಳಿಸಿದೆ. ಅಳುತ್ತಾಳೆಂದು ಕಾದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕುಂದರಿಸಿದ್ರೇನ್ರಿ? ಈಬತ್ತಿ ಇಟ್ಟಿದ್ರೇನ್ರಿ?"

"ಇಟ್ಟಿದ್ರವ್ವ."

"ಅಷ್ಟರ ಮಾಡ್ಯಾರಲ್ರಿ. ಪುಣ್ಯಾ ಬರ್ಲಿ ಅವರಿಗೆ," ಎಂದು ಕೈಮುಗಿದಳು.

ಮುಗಿದದ್ದು ಮಗಳನ್ನು ಕೊಂದವರಿಗೆ. ಅವಳ ಮೇಲೂ ಸಿಟ್ಟು ಬಂತು, ಅದಕ್ಕಾಗಿ ನನ್ನ ಮೇಲೂ. ಯಲಬುರ್ಗಾದ ಬಸ್ಸು ಹತ್ತಿದೆ.

ಅಂಗಳದಲ್ಲಿ ಕೊಡ ತುಂಬಿಟ್ಟಿತ್ತು. ನೀರು ಸುರಿದುಕೊಂಡೆ. ಅವ್ವ ಎಂದಿನಂತೆ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ನನ್ನ ಹಣೆಗೆ ಕೈ ಚಾಚಿದಳು. ಆ ಕೈಯನ್ನು ದೂರ ತಳ್ಳಿಬಿಟ್ಟೆ.