ಅಗಸೆ ಲೋಳೆಯ ಜಡೆ

ನನ್ನ ತಲೆಗೂದಲು ಹುಟ್ಟಿನಿಂದಲೇ ಗುಂಗುರು. ಎಣ್ಣೆಗೂ ಬಗ್ಗದು, ಅಜ್ಜಿಯ ಬೈಗುಳಕ್ಕೂ ಬಗ್ಗದು. ಆಗೆಲ್ಲ ಹೆಣ್ಣು ನೋಡಲು ಬಂದವರು ಜಡೆ ಬಿಚ್ಚಿಸಿ ನೋಡುತ್ತಿದ್ದರು, ಒಳಗೆ ಚೌರಿ ಸೇರಿಸಿದ್ದಾರೇನೋ ಎಂದು. ಯಲಬುರ್ಗಿಯ ನಮ್ಮ ಮನೆಗೆ ಅದುವರೆಗೆ ಬಂದವರೆಲ್ಲ ನನ್ನ ಜಡೆ ಬಿಚ್ಚಿದೊಡನೆ ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಗುಂಗುರು ಕೂದಲಿನವಳು ಹಟಮಾರಿ ಎಂಬುದು ಅವರ ಶಾಸ್ತ್ರ!

ಮುನಿರಾಬಾದಿನಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿದ್ದ ವರ್ಷ ಕುಷ್ಟಗಿಯಿಂದ ಒಂದು ಸಂಬಂಧ ಬಂತು. ಹುಡುಗ ಶಾಲೆಯ ಮಾಸ್ತರು. ಇದೂ ತಪ್ಪಿದರೆ ಗಂಗಾವತಿಯ ಒಬ್ಬ ವಿಧುರ ಸಾಹುಕಾರನಿಗೆ ಕೊಡುವುದೆಂದು ಅಪ್ಪ ಮಾತಾಡಿಬಿಟ್ಟಿದ್ದ. ಆ ಸಾಹುಕಾರನ ಮಗಳೇ ನನಗಿಂತ ದೊಡ್ಡವಳು.

ಅಜ್ಜಿ ಒಂದು ಉಪಾಯ ಹೂಡಿದಳು. ಅಗಸೆ ಬೀಜ ಕುದಿಸಿ, ಬಂದ ಲೋಳೆಯನ್ನೆಲ್ಲ ನನ್ನ ತಲೆಗೆ ಮೆತ್ತಿ, ಕಣ್ಣಲ್ಲಿ ನೀರು ಬರುವಂತೆ ಎಳೆದು ಜಡೆ ಹಾಕಿದಳು. ಕೂದಲು ಗಪ್‌ಚುಪ್ಪಾಗಿ ಕೂತಿತು.

ಮಾಸ್ತರು ತಾಯಿಯನ್ನೂ ಸೋದರಮಾವನನ್ನೂ ಕರೆದುಕೊಂಡು ಬಂದರು. ಮಾವ ಕಚೇರಿಯ ಗುಮಾಸ್ತರು, ಇಂಗ್ಲಿಷ್ ಬಲ್ಲೆನೆಂಬ ಹಮ್ಮಿನವರು. ಕಲಬುರ್ಗಿಯಲ್ಲಿ ಓದುತ್ತಿದ್ದ ಅಣ್ಣ ನನಗೂ ಒಂದಿಷ್ಟು ಇಂಗ್ಲಿಷ್ ಹೇಳಿಕೊಟ್ಟ ಸುದ್ದಿ ಅವರಿಗೆ ಮುಟ್ಟಿತ್ತು.

“ತಂಗೀ, ವೈಲ್ಡ್ ಅಂದ್ರ ಏನವಾ?”

“ಕಾಡಿಂದು ಅಂತರಿ. ತೋಳ, ಕರಡಿ.”

“ಅಷ್ಟನಾ?” ಎಂದು ಅವರು ನಕ್ಕರು. ನನಗೆ ರೋಷ ಬಂತು.

“ಯಾರೂ ಬಿತ್ತದ ಗುಡ್ಡದಾಗ ಬೆಳಿಯೋ ಹೂವಿಗೂ ಅಂತಾರ್ರಿ. ಹೊಲದಾಗಿನ ಗುಡಿಸಲಾ ಹಾರಿಸೋ ಗಾಳಿಗೂ ಅಂತಾರ್ರಿ. ಲಗಾಮಿಗೆ ಸಿಗದ ಕುದುರಿಗೂ, ಕಣ್ಣು ಮುಚ್ಚಿ ಹೊಡಿಯೋ ಕಲ್ಲಿಗೂ, ತಡಿಲಾರದ ಖುಷಿಗೂ... ನಮ್ಮ ಅಜ್ಜಿ ಸಿಟ್ಟಿಗೂ ಅನ್ನಬಹುದ್ರಿ!”

ಬಾಯಿ ಬಿಟ್ಟರೆ ಬಣ್ಣಗೇಡು. ಅಜ್ಜಿ ಹಿಂದಿನಿಂದ ಬಲವಾಗಿ ಚಿವುಟಿದಳು. ಮಾಸ್ತರು ಮಾತ್ರ ತಲೆ ತಗ್ಗಿಸಿ, ಹೆಗಲು ಕುಣಿಯುವಂತೆ ನಗುತ್ತಿದ್ದರು. ಆ ನಗು ನೋಡಿ ನನಗೆ ಇವರೇ ಬೇಕು ಎನಿಸಿಬಿಟ್ಟಿತು.

ಅಷ್ಟರಲ್ಲಿ ಅವರ ತಾಯಿ, “ಜಡಿ ಬಿಚ್ಚವಾ,” ಎಂದರು.

“ಈಗರ ತಲಿ ಎರಕೊಂಡಾಳ್ರಿ, ಇನ್ನಾ ಹಸಿ ಐತಿ,” ಎಂದಳು ಅಜ್ಜಿ. ಯಾರೂ ಕೇಳಲಿಲ್ಲ.

ಹಸಿಯೆಲ್ಲಿ ಬಂತು? ಲೋಳೆ ಒಣಗಿ ಹಪ್ಪಳದಂತೆ ಗರಿಗರಿಯಾಗಿತ್ತು. ನಾನು ಜಡೆಗೆ ಕೈ ಹಾಕಿದ್ದೇ ತಡ, ಬಿಳಿ ಪುಡಿ ಉದುರಿ, ಬಿಗಿಹಿಡಿದು ಕೂತಿದ್ದ ಕೂದಲೆಲ್ಲ ದಿಕ್ಕಿಗೊಂದರಂತೆ ಎದ್ದು ನಿಂತಿತು. ಗುಮಾಸ್ತರ ಅವಲಕ್ಕಿಗೂ ಪುಡಿ ಬಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡ. ನನಗೆ ಗಂಗಾವತಿ ಕಾಣತೊಡಗಿತು. ಆದರೂ ಹಾಳು ನಗು, ಹೆದರಿಕೆಯ ಜೊತೆಗೇ ಉಕ್ಕಿ ಬಂತು.

“ಇದಕ್ಕೂ ವೈಲ್ಡ್ ಅಂತಾರ್ರಿ,” ಎಂದೆ.

ಮಾಸ್ತರ ತಾಯಿ ಎದ್ದು ಬಂದು ನನ್ನೆದುರು ಕೂತರು. ತಲೆಯ ಮೇಲಿನ ಸೆರಗು ಸರಿಸಿ, ತಮ್ಮ ತುರುಬನ್ನು ಎಳೆದು ಬಿಚ್ಚಿದರು. ನರೆತ ಗುಂಗುರು ಕೂದಲು ಹೆಗಲ ತುಂಬ ಹರಡಿಕೊಂಡಿತು.

“ನಮ್ಮವ್ವ ನನಗ ಬೆಂಡಿಕಾಯಿ ಲೋಳಿ ಮೆತ್ತಿದ್ಲವಾ,” ಎಂದರು. “ನೋಡಾಕ ಬಂದವರ ಮುಂದ ನೊಣ ಮುತ್ತಿದ್ವು.”

ಆಮೇಲೆ ಅಪ್ಪನ ಕಡೆ ತಿರುಗಿದರು.

“ಎಲಿ ಅಡಕಿ ತರಸ್ರಿ, ಬೀಗರ. ನನ್ನ ತಲಿ ಹಿಕ್ಕಾಕ ನಮ್ಮ ಮನ್ಯಾಗ ಯಾರಿಗೂ ಧೈರ್ಯ ಇರಲಿಲ್ಲ. ಈಗೊಬ್ಬಾಕಿ ಸಿಕ್ಲು.”