ಆರ್ಡಿತ್ ಕಳೆದುಕೊಂಡ ಒಂದು ಓಟು

ನಮ್ಮ ಪುಟ್ಟ ಊರು ವೆಸ್ಟ್ ಹಾರ್ಲೋದಲ್ಲಿ ನಾಯಿಗೆ ಲೈಸೆನ್ಸ್ ಬೇಕಾದರೂ, ಮದುವೆಗೆ ಪರವಾನಗಿ ಬೇಕಾದರೂ, ಸತ್ತವರಿಗೆ ಸ್ಮಶಾನದಲ್ಲಿ ಆರಡಿ ಜಾಗ ಬೇಕಾದರೂ ಆರ್ಡಿತ್ ಕೋಲ್ಬರ್ನ್ ಮುಂದೆ ಹೋಗಿ ನಿಲ್ಲಲೇಬೇಕು. ಮೂವತ್ತೊಂದು ವರ್ಷದಿಂದ ಅವಳೇ ನಮ್ಮ ಟೌನ್ ಕ್ಲರ್ಕ್. ನಾನು ಅವಳ ಸಹಾಯಕಿ. ಹತ್ತೊಂಬತ್ತು ವರ್ಷದಿಂದ ಅವಳಿಂದ ಬೈಸಿಕೊಂಡು ಬದುಕಿದ್ದೇನೆ. ಆ ಬೈಗುಳವಿಲ್ಲದೆ ಹೋದ ದಿನ ನನಗೇ ಏನೋ ಕಳೆದುಕೊಂಡಂತಾಗುತ್ತದೆ.

ಚುನಾವಣೆ ನಡೆಸುವವಳೂ ಅವಳೇ. ಅದು ಬಂತೆಂದರೆ ಅವಳ ಮುಖದ ಮೇಲೆ ಬೇರೆಯದೇ ಕಳೆ. ತಾನು ಯಾರಿಗೆ ಓಟು ಹಾಕಿದೆ ಎಂದು ಒಂದು ನರಪಿಳ್ಳೆಗೂ ಹೇಳಿದವಳಲ್ಲ. ಗಂಡ ಓರಿನ್ ಊಟದ ಹೊತ್ತಿಗೆ ಮೆಲ್ಲಗೆ ಕೆದಕಿದರೆ, "ಸುಮ್ನೆ ಸೂಪು ಕುಡಿ ಮಾರಾಯ" ಎನ್ನುತ್ತಿದ್ದಳಂತೆ.

ನವೆಂಬರಿನ ದೊಡ್ಡ ಚುನಾವಣೆಗೆ ಮೊದಲು, ಆಗಸ್ಟಿನ ಪ್ರೈಮರಿಯಲ್ಲಿ, ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಯನ್ನು ಆರಿಸಿಕೊಳ್ಳುತ್ತದೆ. ನಮ್ಮಲ್ಲಿ ಯಾರೂ ನಾನು ಇಂಥ ಪಕ್ಷದವನು ಎಂದು ಮೊದಲೇ ಬರೆಸಿಟ್ಟಿರುವುದಿಲ್ಲ. ಹಾಗಾಗಿ ಬಂದವರ ಕೈಗೆಲ್ಲ ಮೂರು ಪಕ್ಷಗಳ ಮೂರು ಮತಪತ್ರ ಕೊಡುತ್ತೇವೆ. ಪರದೆಯ ಹಿಂದೆ ಹೋಗಿ ಒಂದರಲ್ಲಿ ಗುರುತು ಹಾಕಬೇಕು. ಅದು ಎಡಗಡೆಯ ಪೆಟ್ಟಿಗೆಗೆ, ಉಳಿದ ಖಾಲಿ ಎರಡು ಬಲಗಡೆಯ ಪೆಟ್ಟಿಗೆಗೆ. ಬಲಗಡೆಯದಕ್ಕೆ ಮತದಾನ ಮುಗಿದ ಕೂಡಲೇ ಮುದ್ರೆ ಬೀಳುತ್ತದೆ, ಅದರಲ್ಲಿದ್ದದ್ದು ಲೆಕ್ಕಕ್ಕಿಲ್ಲ. ಇಡೀ ದಿನ ಆರ್ಡಿತ್ ಬಾಯಲ್ಲಿ ಒಂದೇ ಮಾತು: "ಓಟು ಎಡಕ್ಕೆ, ಖಾಲಿ ಬಲಕ್ಕೆ. ಎಲ್ವಿನ್, ಎಡ ಕಣೋ ಎಡ! ಉಣ್ಣೋ ಕೈ ಅಲ್ಲ, ಇನ್ನೊಂದು!"

ಆ ವರ್ಷ ರಾಜ್ಯದ ಸೆನೆಟ್ಟಿಗೆ ನಮ್ಮೂರಿನ ಮೆರಿಲ್ ತಿಬೋ ನಿಂತಿದ್ದ. ಇಪ್ಪತ್ತಾರು ವರ್ಷ ಊರಿನ ರಸ್ತೆಗಳ ಹಿಮ ಎತ್ತಿದವನು. ಪ್ರವಾಹದಲ್ಲಿ ಕೊಚ್ಚಿಹೋದ ಮಿಲ್ ಸೇತುವೆಯನ್ನು ಕಟ್ಟಿಸಿಯೇ ತೀರುತ್ತೇನೆ ಎಂಬ ಹಟದಿಂದ ಎಪ್ಪತ್ತರ ಹತ್ತಿರದಲ್ಲಿ ಚುನಾವಣೆಗೆ ಇಳಿದಿದ್ದ. ಅವನ ಎದುರು, ಅದೇ ಪಕ್ಷದಿಂದ, ನಲವತ್ತು ಮೈಲಿ ಆಚೆಯ ವಕೀಲೆ ಕೊರಿನ್ ಹ್ಯಾಸ್ಕೆಲ್. ನಮ್ಮ ಕ್ಷೇತ್ರದಲ್ಲಿ ಹದಿನಾಲ್ಕು ಊರು.

ಅಂದು ಮಧ್ಯಾಹ್ನ ಜನ ವಿರಳವಾದಾಗ ಆರ್ಡಿತ್ ತನ್ನ ಮತಪತ್ರಗಳನ್ನು ತೆಗೆದುಕೊಂಡು ಪರದೆಯ ಹಿಂದೆ ಹೋದಳು. ಹೊರಬಂದು ಪೆಟ್ಟಿಗೆಗಳ ಮುಂದೆ ನಿಂತಿದ್ದಳು, ಅಷ್ಟರಲ್ಲಿ ಯಾರದೋ ನಾಯಿ ಒಳನುಗ್ಗಿ ಶಾಲೆಯವರು ಮಾರಲು ಇಟ್ಟಿದ್ದ ಬ್ಲೂಬೆರಿ ಪೈಗೆ ಬಾಯಿ ಹಾಕಿತು. "ಅಯ್ಯಯ್ಯೋ, ಹಿಡೀರೋ ಅದನ್ನ!" ಎಂದು ಕೂಗುತ್ತಲೇ ಕೈಲಿದ್ದದ್ದನ್ನೆಲ್ಲ ಪೆಟ್ಟಿಗೆಗಳಿಗೆ ತುರುಕಿ ಓಡಿದಳು. ಪೈ ಅರ್ಧ ಉಳಿಯಿತು.

ಏಳಕ್ಕೆ ಬಾಗಿಲು ಹಾಕಿ ಎಣಿಸಲು ಕೂತೆವು. ಹೊರಗೆ ಇನ್ನೂ ಬಿಸಿಲಿತ್ತು. ಎಡಗಡೆಯ ಪೆಟ್ಟಿಗೆಯಿಂದ ಮತಪತ್ರ ಬಿಡಿಸುತ್ತಿದ್ದ ನನ್ನ ಕೈಗೆ ಎರಡು ಖಾಲಿ ಹಾಳೆ ಒಟ್ಟಿಗೆ ಸಿಕ್ಕವು. ಕಾಗದ ಹಾಕುವ ಲಕೋಟೆಗೆ ಮಡಚುವಂತೆ ನೀಟಾಗಿ ಮೂರು ಮಡಿಕೆ. ಊರಿನಲ್ಲಿ ಹಾಗೆ ಮಡಚುವ ಕೈ ಒಂದೇ. ತಲೆ ಎತ್ತಿದೆ. ಆರ್ಡಿತ್ ಆ ಹಾಳೆಗಳನ್ನೇ ನೋಡುತ್ತಿದ್ದಳು, ಮುಖ ಸುಣ್ಣದಂತೆ ಬಿಳುಚಿತ್ತು. ಅವಳ ಓಟು ಬಲಗಡೆಯ ಪೆಟ್ಟಿಗೆಯೊಳಗೆ, ಮುದ್ರೆಯ ಕೆಳಗೆ ಕೂತಿತ್ತು.

"ಖಾಲಿ ಅಂತ ಬರ್ಕೋ ಗ್ಲೆನ್ನಾ" ಎಂದಳು. ನಾನು ಬರೆದುಕೊಂಡೆ.

ಒಂದು ಓಟು ತಾನೇ ಎಂದು ನಾನು ಸಮಾಧಾನ ಮಾಡಿಕೊಂಡೆ. ಗುರುವಾರ ಹದಿನಾಲ್ಕು ಊರಿನ ಲೆಕ್ಕ ಕೂಡಿತು. ಮೆರಿಲ್ ಸೋತಿದ್ದ. ಒಂದೇ ಒಂದು ಓಟಿನಿಂದ.

ಆರ್ಡಿತ್ ಎರಡು ದಿನ ನನ್ನನ್ನು ಬೈಯಲಿಲ್ಲ. ಮೂರನೆಯ ದಿನ ನನಗೇ ತಡೆಯಲಾಗಲಿಲ್ಲ.

"ಇದೇನು ಮೌನವ್ರತ? ಬಾಯಿಬಿಟ್ಟು ಹೇಳು."

"ಇನ್ನೇನು ಹೇಳೋದು? ನಾನು ಸರಿಯಾಗಿ ಹಾಕಿದ್ರೆ ಸಮ ಆಗ್ತಿತ್ತು. ಅವನ ಸೆನೆಟ್ಟನ್ನ ಒಂದು ನಾಯಿಗೋಸ್ಕರ ಕಸದ ಪೆಟ್ಟಿಗೆಗೆ ಹಾಕ್ದೆ."

"ಮತ್ತೆ ಎಣಿಸಿ ಅಂತ ಅವನು ಅರ್ಜಿ ಕೊಡಬಹುದಲ್ಲ?"

"ಕೊಟ್ರೂ ಮುದ್ರೆ ಒಡೆಯಲ್ಲ ಕಣೇ. ಸುಮ್ನೆ ಆಸೆ ಇಟ್ಕೊಂಡು ಓಡಾಡ್ತಾನೆ, ಪಾಪ. ಅವನಿಗೆ ಹೇಳ್ಬೇಕು. ಇಷ್ಟು ವರ್ಷ ಊರಿಗೆಲ್ಲ ಎಡ-ಬಲ ಹೇಳ್ಕೊಟ್ಟೋಳು ನಾನು. ಹೇಳಿದ ಮೇಲೆ ಆ ಕುರ್ಚಿ ಮೇಲೆ ಯಾವ ಮುಖ ಇಟ್ಕೊಂಡು ಕೂರ್ಲಿ?"

ಅವಳಿಗೆ ಆ ಕುರ್ಚಿ ಎಂದರೆ ಏನೆಂದು ನನಗೆ ಗೊತ್ತು. ಮಕ್ಕಳಿಲ್ಲ. ಓರಿನ್ ಹೋಗಿ ಆರು ವರ್ಷ. ಊರಿನ ಹೆಸರುಗಳೇ ಅವಳ ಸಂಸಾರ. "ನಡಿ, ನಾನೂ ಬರ್ತೀನಿ" ಎಂದೆ.

ಮೆರಿಲ್ ತನ್ನ ಶೆಡ್ಡಿನಲ್ಲಿ ಹಿಮ ತಳ್ಳುವ ಗಾಡಿಯ ಅಲಗಿಗೆ ಗ್ರೀಸ್ ಹಚ್ಚುತ್ತಿದ್ದ. ಆರ್ಡಿತ್ ಕೂರಲೂ ಇಲ್ಲ, ನಿಂತಲ್ಲೇ ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಾಯಿ, ಪೈ, ಎಡ, ಬಲ. ಕೊನೆಗೆ, "ನಾನು ಗುರುತು ಹಾಕಿದ್ದು ನಿನ್ನ ಹೆಸರಿಗೆ" ಎಂದಳು. ಜೀವಮಾನದಲ್ಲಿ ಮೊದಲ ಸಲ ಆ ಮಾತು ಅವಳ ಬಾಯಿಂದ ಬಂದದ್ದು.

ಮೆರಿಲ್ ಕೈ ಒರೆಸಿಕೊಂಡ. ಕಿವಿಯವರೆಗೂ ಕೆಂಪಾಗಿದ್ದ.

"ಅರ್ಜಿಗಿರ್ಜಿ ಏನೂ ಕೊಡಲ್ಲ ಆರ್ಡಿತ್. ಎಣಿಕೆ ಸರಿಯಾಗೇ ಇದೆ. ನಾನೂ ಒಂದು ಮಾತು ಹೇಳ್ಬೇಕು, ಬೈಬೇಡ."

"ಏನು?"

"ನಾನು ಕೊರಿನ್‌ಗೆ ಹಾಕ್ದೆ."

"ಏನಂದೆ?"

"ಮತ್ತೇನು ಮಾಡ್ಲಿ? ನನ್ನ ಹೆಸರಿಗೆ ನಾನೇ ಗುರುತು ಹಾಕ್ಕೊಳೋದಾ? ಪೈ ಕೊಯ್ದೋನು ದೊಡ್ಡ ತುಂಡು ತನ್ನ ತಟ್ಟೆಗೇ ಹಾಕ್ಕೊಂಡ ಹಾಗೆ ಆಗಲ್ವಾ? ನಮ್ಮಪ್ಪ ಇದ್ದಿದ್ರೆ ಕೆನ್ನೆಗೆ ಬಾರಿಸ್ತಿದ್ದ. ಪಾಪ, ಆ ಹುಡುಗಿ ಅಷ್ಟು ದೂರದಿಂದ ಬಂದು ನಮ್ಮೂರಲ್ಲಿ ಮನೆಮನೆ ಬಾಗಿಲು ತಟ್ಟಿದ್ಲು. ಒಂದಾದ್ರೂ ಬೀಳ್ಲಿ ಅಂತ."

ನಾನು ಬೆರಳು ಮಡಚಿದೆ. ಇವನು ತನಗೇ ಹಾಕಿಕೊಂಡಿದ್ದರೆ ಕೊರಿನ್‌ಗೆ ಒಂದು ಕಡಿಮೆ, ಇವನಿಗೆ ಒಂದು ಹೆಚ್ಚು. ಆರ್ಡಿತ್ ಓಟು ಇರಲಿ ಬಿಡಲಿ, ಗೆಲುವು ಇವನದೇ ಆಗುತ್ತಿತ್ತು.

"ಮುಟ್ಠಾಳ!" ಆರ್ಡಿತ್ ಕಿರುಚಿದ ರಭಸಕ್ಕೆ ಶೆಡ್ಡಿನ ಕೋಳಿಗಳು ಹಾರಿದವು. "ಮೂರು ದಿನದಿಂದ ನನಗೆ ಅನ್ನ ನೀರು ಸೇರಿಲ್ಲ! ಮರ್ಯಾದಸ್ಥನಂತೆ, ಮರ್ಯಾದಸ್ಥ! ಸೇತುವೆ ಯಾರು ಕಟ್ಟಿಸ್ತಾರೆ, ನಿಮ್ಮಪ್ಪನಾ?" ಬೈಯುತ್ತ ಬೈಯುತ್ತ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ನಗತೊಡಗಿದಳು. ಮೂವರೂ ಪಕ್ಕೆ ಹಿಡಿದುಕೊಂಡು ನಕ್ಕೆವು.

ನಕ್ಕ ಮಾತ್ರಕ್ಕೆ ಆರ್ಡಿತ್ ತನ್ನನ್ನು ತಾನು ಬಿಟ್ಟುಬಿಡುವ ಪೈಕಿಯಲ್ಲ. ಸೋಮವಾರ ಊರ ಕಚೇರಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು: ಆಗಸ್ಟಿನಲ್ಲಿ ಮತಪತ್ರವನ್ನು ತಪ್ಪು ಪೆಟ್ಟಿಗೆಗೆ ಹಾಕಿದ್ದು ನಾನೇ, ನವೆಂಬರಿನಲ್ಲಿ ಮತದಾರರ ಪಟ್ಟಿಯ ಮೇಜಿನಲ್ಲಿ ನನ್ನ ಬದಲು ಗ್ಲೆನ್ನಾ ಕೂರುತ್ತಾಳೆ. ನಾನು ಎಷ್ಟು ಬೇಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೆರಿಲ್ ಮಾತ್ರ ತನ್ನ ಹಳೆಯ ಟ್ರಕ್ಕಿನಲ್ಲಿ ಕೊರಿನ್‌ಳನ್ನು ಕೂರಿಸಿಕೊಂಡು ಹದಿನಾಲ್ಕೂ ಊರು ಸುತ್ತಿಸಿದ. ದಾರಿಯುದ್ದಕ್ಕೂ ಸೇತುವೆಯದೇ ಪುರಾಣ. ನವೆಂಬರಿನ ದೊಡ್ಡ ಚುನಾವಣೆಯಲ್ಲಿ ಆಕೆ ಗೆದ್ದಳು, ಮುಂದಿನ ಬೇಸಿಗೆಗೆ ಸೇತುವೆಯ ಕೆಲಸವೂ ಶುರುವಾಯಿತು.

ಆದರೆ ನಾನು ಹೇಳಬೇಕಾದದ್ದು ಆ ಚುನಾವಣೆಯ ಬೆಳಿಗ್ಗೆಯ ಮಾತು. ಬಾಗಿಲು ತೆರೆದಾಗ ಹೊರಗೆ ಇಪ್ಪತ್ತು ಜನರ ಸಾಲು. ಮೊದಲನೆಯವನು ಎಲ್ವಿನ್. ಗುರುತಿನವರಾದರೂ ಹೆಸರು ಕೇಳಿಯೇ ಮತಪತ್ರ ಕೊಡುವುದು ನಿಯಮ. ಪಟ್ಟಿ ಹಿಡಿದು ಕೂತ ನಾನು "ಹೆಸರು ಹೇಳಪ್ಪಾ" ಎಂದೆ. ಅವನು ಮೇಜಿನ ಆಚೀಚೆ ನೋಡಿದ.

"ಆರ್ಡಿತ್ ಎಲ್ಲಿ?"

"ಸಾಲಿನ ಕೊನೇಲಿ ನಿಂತಿದಾಳೆ. ಹೆಸರು ಹೇಳು."

"ನಿನಗ್ಯಾಕೆ ಹೇಳ್ಲಿ?" ಎಂದು ಕೈಕಟ್ಟಿ ನಿಂತ. ಅವನ ಹಿಂದಿನವಳೂ ಕದಲಲಿಲ್ಲ. ಸಾಲಿಗೆ ಸಾಲೇ ಕಂಬದಂತೆ ನಿಂತಿತ್ತು. ಹೇಳುವುದೇನು, ನನಗೆ ಉರಿದುಹೋಯಿತು.

"ಓಟು ಕಳ್ಕೊಂಡೋಳು ಅವಳು. ನಿಮಗೆ ನಾನು ಬೇಡ, ಅವಳೇ ಬೇಕಾ?" ಎಂದು ಕೂಗಿದೆ.

ಮಧ್ಯದಿಂದ ಮೆರಿಲ್ ದನಿ ಬಂತು. "ಅದಕ್ಕೇ ಅವಳು ಬೇಕು ಗ್ಲೆನ್ನಾ. ಅವಳು ಕಳ್ಕೊಂಡಾಯ್ತು, ಬಾಗಿಲಿಗೆ ಬರೆದು ಅಂಟಿಸಿಯೂ ಆಯ್ತು. ನೀನು ಕಳ್ಕೊಳ್ಳೋದು ಇನ್ನೂ ಬಾಕಿ ಇದೆ."

ಸಾಲೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ, ಇನ್ನೇನು ಮಾಡಲಿ. ಎದ್ದು ಹೋಗಿ ಆರ್ಡಿತ್ ತೋಳು ಹಿಡಿದು ಎಳೆದುಕೊಂಡು ಬಂದೆ. ಅವಳು ಕೋಟು ಬಿಚ್ಚಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತು ಪೆನ್ನು ತೆಗೆದುಕೊಂಡಳು.

"ಹೆಸರು?" ಎಂದು ಕೇಳಿದಳು, ತಾನೇ ಜನನಪತ್ರ ಬರೆದುಕೊಟ್ಟಿದ್ದ ಎಲ್ವಿನ್‌ನನ್ನು.

ಅವನು ಟೋಪಿ ತೆಗೆದು, ಶಾಲೆಯಲ್ಲಿ ಹಾಜರಿ ಹೇಳುವವನಂತೆ ತನ್ನ ಪೂರ್ತಿ ಹೆಸರು ಹೇಳಿದ.