ಗುಳೇದಗುಡ್ಡದ ಮನೆಯಲ್ಲಿ ಮುದಿ ಗಿನಿಹಂದಿಗಳು

“ಮಂಡಿ ಅಂದ್ರ ದಲಾಲಿ ಅಂಗಡೀನ್ರಿ?”

ಬಾಡಿಗೆಗೆ ಕೋಣೆ ಕೇಳಲು ಹೋದ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಶಾಂತವ್ವ ಕೇಳಿದ ಮೊದಲ ಪ್ರಶ್ನೆ ಅದು. ನಾನು ಹೇಳಿದ್ದು ಇಷ್ಟೇ: “ವಯಸ್ಸಾದ ಮೇಲೆ ಮಂಡಿ ಯಾಕೆ ಸವೆಯುತ್ತೆ ಅಂತ ಓದ್ತಿದ್ದೀನಿ.” ನಂಜನಗೂಡಿನಿಂದ ಎರಡು ಹಗಲು ಪ್ರಯಾಣ ಮಾಡಿ ಬಂದದ್ದು ಕನ್ನಡದ ಊರಿಗೇ. ಆದರೂ ನನ್ನ ಕನ್ನಡ ಆ ಹೊಸ್ತಿಲು ದಾಟಲಿಲ್ಲ. ಬಗ್ಗಿ ಕಾಲು ಮುಟ್ಟಿ ತೋರಿಸಿದೆ. ಆಕೆಯ ಮುಖ ಅರಳಿತು.

“ಮೊಳಕಾಲೇನು! ಹಂಗಂದ್ರ ತಿಳೀತೈತಿ. ಬರ್ರಿ ಒಳಗ. ನನ್ನವೂ ಭಾಳ ಕಾಡತಾವ.”

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಾಗಲಕೋಟೆಯ ಕಾಲೇಜೊಂದರಲ್ಲಿ ನನಗೆ ಸಂಶೋಧನೆಯ ಕೆಲಸ ಸಿಕ್ಕಿತ್ತು. ಒಂಟಿ ಹೆಣ್ಣಿಗೆ ಅಲ್ಲಿ ಮನೆ ಸಿಗದೆ ಗುಳೇದಗುಡ್ಡಕ್ಕೆ ಬಂದು, ದಿನವೂ ಬಸ್ಸಿನಲ್ಲಿ ಓಡಾಡತೊಡಗಿದೆ. ಶಾಂತವ್ವ ಖಣ ನೇಯುತ್ತಿದ್ದಳು. ಖಣವೆಂದರೆ ಕುಪ್ಪಸದ ಬಟ್ಟೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಬೆಳಗಿನಿಂದ ತುಳಿಯುತ್ತಿದ್ದಳು. ನಮ್ಮ ಕಡೆ ಬೆಳಗಾಗುವುದು ಗುಡಿಯ ಗಂಟೆಯಿಂದ. ಇಲ್ಲಿ ಬೀದಿಯ ಮನೆಮನೆಯ ಮಗ್ಗಗಳು ಒಂದೊಂದಾಗಿ ಮಾತಿಗಿಳಿದು ಬೆಳಗು ಮಾಡುತ್ತಿದ್ದವು. ಅರೆನಿದ್ದೆಯಲ್ಲಿ ಆ ಸದ್ದು ಕೇಳುತ್ತಾ ನಾನು ಯಾವುದೋ ದೊಡ್ಡ ಪ್ರಾಣಿಯ ಎದೆಯೊಳಗೆ ಮಲಗಿದ್ದೇನೆ ಅನ್ನಿಸುತ್ತಿತ್ತು.

ಅನ್ನಕ್ಕಾಗಿ ಮೊದಲ ತಿಂಗಳೆಲ್ಲ ಹಂಬಲಿಸಿದೆ. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಭಾನುವಾರಗಳಂದು ಮಾತಾಡಲು ಯಾರೂ ಇಲ್ಲದೆ, ಗುಡ್ಡದ ಕೆಂಪು ಕಲ್ಲಿನ ಮೇಲೆ ಬಿಸಿಲು ಸರಿಯುವುದನ್ನು ನೋಡುತ್ತಾ ಕೂರುತ್ತಿದ್ದೆ.

ನನ್ನ ಕೆಲಸವೂ ಕಾಯುವುದೇ. ಗಿನಿಹಂದಿ ಎಂಬ ಪುಟ್ಟ ಪ್ರಾಣಿಗೆ ಪೆಟ್ಟು ಬೀಳದಿದ್ದರೂ ವಯಸ್ಸಾದಂತೆ ಮಂಡಿ ಸವೆಯುತ್ತದೆ, ಹೆಚ್ಚುಕಡಿಮೆ ಮನುಷ್ಯರ ಹಾಗೆ. ಸವೆತ ಎಲ್ಲಿ, ಹೇಗೆ ಶುರುವಾಗುತ್ತದೆಂದು ನೋಡಬೇಕಾದರೆ ಅವು ಮುದಿಯಾಗಬೇಕು. ಹಾಗಾಗಿ ಅವುಗಳಿಗೆ ಸೊಪ್ಪು ಹಾಕುತ್ತಾ, ಅವುಗಳ ಮುಪ್ಪನ್ನೇ ಎದುರು ನೋಡುತ್ತಿದ್ದೆ.

ಎರಡನೆಯ ಬೇಸಿಗೆ, ಗಿನಿಹಂದಿಗಳಿದ್ದ ಕಾಲೇಜಿನ ತಗಡಿನ ಶೆಡ್ಡು ಕಾದು ಕೆಂಡವಾಯಿತು. ಈ ಪ್ರಾಣಿಗಳು ಸೆಕೆ ತಡೆಯಲಾರವು. ಎರಡು ಸತ್ತವು. ಉಳಿದವೂ ಹೋದರೆ ಅಷ್ಟು ಕಾಲದ ಕೆಲಸ ಮಣ್ಣುಪಾಲು. ಶಾಂತವ್ವನ ಮನೆಗೆ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ; ಹೊರಗೆ ಬೆಂಕಿ ಸುರಿದರೂ ಒಳಗೆ ತಂಪು. ಅಳುಕುತ್ತಲೇ ಕೇಳಿದೆ.

“ಹಂದೀನ ಮನ್ಯಾಗ ತರ್ತೀರೇನ್ರಿ? ಲಿಂಗಾ ಕಟ್ಟಿದವರ ಮನಿ ಇದು!”

“ಹೆಸರಷ್ಟೇ ಹಂದಿ, ಶಾಂತವ್ವ. ಮೊಲದ ಹಾಗಿರ್ತವೆ. ಸೊಪ್ಪು ಬಿಟ್ಟು ಬೇರೇನೂ ತಿನ್ನಲ್ಲ.”

ಒಂದನ್ನು ತಂದು ಮಡಿಲಲ್ಲಿಟ್ಟೆ. ಅದು ಆಕೆಯ ಸೆರಗಿನಲ್ಲಿ ಮೂಗು ತೂರಿಸಿ ಸಿಳ್ಳಿನಂತೆ ಸದ್ದು ಮಾಡಿತು. ಅವತ್ತೇ ಪಂಜರಗಳೆಲ್ಲ ಮಗ್ಗದ ಪಕ್ಕಕ್ಕೆ ಬಂದವು.

ಆ ಬೇಸಿಗೆ ನೆನೆದರೆ ಈಗಲೂ ಕನಸು ಕಂಡಂತೆ. ನಡುಹಗಲಿನ ಕತ್ತಲೆ ಕೋಣೆ, ಗವಾಕ್ಷಿಯಿಂದ ಇಳಿದ ಒಂದೇ ಬೆಳಕಿನ ಕೋಲು, ಅದರಲ್ಲಿ ತೇಲುವ ನೂಲಿನ ಧೂಳು. ತಂಪಿಗೆಂದು ಪಂಜರಗಳ ಮೇಲೆ ಹೊದಿಸಿದ ಒದ್ದೆ ಗೋಣಿಯ ವಾಸನೆ. ಮಗ್ಗದ ಲಾಳಿ ಅತ್ತಿಂದಿತ್ತ ಓಡುತ್ತಿತ್ತು, ಪ್ರಾಣಿಗಳು ಕಣ್ಣು ತೆರೆದೇ ತೂಕಡಿಸುತ್ತಿದ್ದವು. ಶಾಂತವ್ವ ಒಂದು ಮುದಿ ಹೆಣ್ಣಿಗೆ ಗೌರವ್ವ ಎಂದು ಹೆಸರಿಟ್ಟಳು. ಅದು ಕುಂಟುವುದನ್ನು ಕಂಡು, “ನಿನ್ನದೂ ನನ್ನದೂ ಒಂದ ಹಣೇಬರಾ” ಎಂದು ಮಾತಾಡಿಸುವಳು.

ಮಳೆ ಬಂದು ನೆಲ ತಣಿದ ಮೇಲೆ ಪಂಜರ ಒಯ್ಯಲು ಗಾಡಿ ಬಂತು.

“ಇನ್ನ ಇವನ್ನ ಏನ್ ಮಾಡ್ತೀರಿ?” ಶಾಂತವ್ವ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನೋವಾಗದ ಹಾಗೆ ಮಲಗಿಸ್ತೀವಿ. ಆಮೇಲೆ ಮಂಡಿ ತೆಗೆದು ನೋಡ್ತೀವಿ.”

ಆಕೆ ಗೌರವ್ವನನ್ನು ಸೆರಗಿನೊಳಗೆ ಎಳೆದುಕೊಂಡಳು. “ಸಾಕಿದ್ದು ಕೊಲ್ಲಾಕೇನ್ರಿ?”

ಉಳಿದ ಪಂಜರಗಳೆಲ್ಲ ಗಾಡಿ ಏರಿದ ಮೇಲೆ ಆಕೆಯೇ ಅದನ್ನು ಪಂಜರದೊಳಗೆ ಬಿಟ್ಟು, ಮುಖ ತಿರುಗಿಸಿ ಕುಣಿಗೆ ಇಳಿದಳು. ಆಮೇಲೆ ವಾರಗಟ್ಟಲೆ ನನ್ನೊಂದಿಗೆ ಮಾತಿಲ್ಲ. ರೊಟ್ಟಿ ಮಾತ್ರ ಕೋಣೆಯ ಬಾಗಿಲಲ್ಲಿ ಬಟ್ಟೆ ಮುಚ್ಚಿಕೊಂಡು ಇರುತ್ತಿತ್ತು. ಅದನ್ನು ತಿನ್ನುವಾಗ ಅನ್ನ ಬೇಕೆನ್ನಿಸುತ್ತಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು.

ಒಂದು ಬೆಳಿಗ್ಗೆ ಆಕೆ ಹೊಸ ಸೀರೆ ಉಟ್ಟು ನಿಂತಿದ್ದಳು. “ನಡೀರಿ, ನಾನೂ ಬರ್ತೇನಿ. ಏನ್ ನೋಡೀರಿ, ನನಗೂ ತೋರಸ್ರಿ.”

ಕಾಲೇಜಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಸ್ಟೂಲು ಹಾಕಿ ಕೂರಿಸಿದೆ. ಬಣ್ಣ ಕುಡಿದ ಮೃದ್ವಸ್ಥಿ, ಅಂದರೆ ಕೀಲಿನ ಮೆದು ಮೂಳೆ, ಎಳೆಯ ಪ್ರಾಣಿಯಲ್ಲಿ ಗಾಢ ಕೆಂಪಾಗಿ ಕಾಣುತ್ತದೆ. ಅದನ್ನು ಮೊದಲು ತೋರಿಸಿದೆ. ನಂತರ ಗೌರವ್ವನದು: ಕೆಂಪು ಮಾಸಿ, ಮೇಲ್ಮೈ ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು.

“ಹಳೇ ಸೆರಗ ಪಿಸದಂಗ ಆಗೇತಿ,” ಎಂದಳು. “ನನ್ನ ಒಳಗೂ ಹಿಂಗ ಇರತೈತೇನ್ರಿ?”

“ಇರಬಹುದು.”

“ಇದಕ್ಕ ಔಷಧ?”

“ಇಲ್ಲ, ಶಾಂತವ್ವ. ಹೇಗೆ ಸವೆಯುತ್ತೆ ಅನ್ನೋದೇ ಇನ್ನೂ ಪೂರ್ತಿ ಗೊತ್ತಿಲ್ಲ.”

ಆಕೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಕೆನ್ನೆ ಮಾತ್ರ ಒದ್ದೆಯಾಗಿತ್ತು. ಮರಳುವ ಬಸ್ಸು ಶಿರೂರು ದಾಟಿದ ಮೇಲೆ ನನ್ನ ಕೈ ಹಿಡಿದಳು. “ನೀ ಮಾಡಿದ್ದು ನನಗ ಸೇರಲಿಲ್ಲವ್ವಾ. ಸುಳ್ಳ ಹೇಳಲಿಲ್ಲಲ್ಲ, ಅದು ಸೇರಿತು.” ಆವರೆಗೆ ‘ರಿ’ ಎನ್ನುತ್ತಿದ್ದವಳು ಅಂದಿನಿಂದ ‘ನೀ’ ಎಂದಳು.

ಮರುವರ್ಷ ಮೈಸೂರಿನ ಕಾಲೇಜಿನಲ್ಲಿ ಕೆಲಸಕ್ಕೆ ಕರೆ ಬಂತು. ನನ್ನನ್ನು ಕರೆದೊಯ್ಯಲು ಅಮ್ಮನೇ ಗುಳೇದಗುಡ್ಡಕ್ಕೆ ಬಂದಳು. ಇಬ್ಬರು ಹೆಂಗಸರೂ ಪಡಸಾಲೆಯ ನೆಲದಲ್ಲಿ ಕೂತು, ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿದು ಅರ್ಧ ತಿಳಿಯದೆ, ಸಂಜೆಯವರೆಗೆ ಹರಟಿದರು.

“ಸಾಕು, ಇನ್ನು ಮನೆಗೆ ಬಂದ್ಬಿಡು,” ಎಂದಳು ಅಮ್ಮ.

“ಮನ್ಯಾಗ ಅದಾಳಲ್ರಿ,” ಎಂದಳು ಶಾಂತವ್ವ.

ದೀಪ ಹಚ್ಚುವ ಹೊತ್ತಾಗಿತ್ತು. ಇಬ್ಬರೂ ನೆಲಕ್ಕೆ ಅಂಗೈಯೂರಿ ಏಳಲು ನೋಡಿದರು, ಇಬ್ಬರಿಗೂ ಆಗಲಿಲ್ಲ. ನಾನು ನಡುವೆ ನಿಂತು ಒಬ್ಬೊಬ್ಬರಿಗೆ ಒಂದೊಂದು ಕೈ ಕೊಟ್ಟೆ. ಎರಡೂ ಕಡೆಯ ಭಾರ ಒಟ್ಟಿಗೆ ಬಿತ್ತು.